ಒಡೆದದ್ದಕ್ಕೆ ಕೂಲಿ, ತಿಳಿದದ್ದಕ್ಕೆ ಇಲ್ಲ

ನೆಂಟರಿಗೆಂದೇ ಕಟ್ಟಿಸಿದ ಬಚ್ಚಲೊಂದು ಅನೇಕ ಮನೆಗಳಲ್ಲಿರುತ್ತದೆ. ನೆಂಟರು ವರ್ಷಕ್ಕೆ ಎರಡು ಸಲ ಬಂದರೆ ಹೆಚ್ಚು. ಬೇಸಿಗೆಯಲ್ಲಿ ಯಾವತ್ತೋ ಅದರ ಬಾಗಿಲು ತೆಗೆದರೆ ಚರಂಡಿಯ ನಾತ ಮುಖಕ್ಕೇ ಹೊಡೆಯುತ್ತದೆ. ಪ್ಲಂಬರಿಗೆ ಫೋನು ಹೋಗುತ್ತದೆ. ಅವರು ಬಂದು ನೆಲದ ಜಾಲರಿ ಎತ್ತಿ, ಮೊಬೈಲಿನ ಟಾರ್ಚ್ ಬಿಟ್ಟು ನೋಡಿ, ಒಂದು ಬಕೆಟ್ ನೀರು ಕೇಳಿ ಅದರೊಳಗೆ ಸುರಿದು, ‘ವಾರಕ್ಕೊಂದು ಸಲ ಒಂದು ಚೊಂಬು ನೀರು ಹಾಕ್ತಾ ಇರಿ, ಸಾಕು’ ಎನ್ನುತ್ತಾರೆ. ಜಾಲರಿಯ ಕೆಳಗೆ ನಹಾನಿ ಟ್ರ್ಯಾಪ್ ಎಂಬ ಬಟ್ಟಲಿನಂಥ ಭಾಗವಿದೆ. ಅದರಲ್ಲಿ ಸುಮಾರು 50 ಮಿಲಿಮೀಟರ್ ನೀರು ಸದಾ ನಿಂತಿರಬೇಕು. ಮನೆಗೂ ಊರ ಚರಂಡಿಗೂ ನಡುವೆ ಇರುವ ಬಾಗಿಲೆಂದರೆ ಆ ಎರಡಿಂಚು ನೀರೇ. ಬಳಸದ ಬಚ್ಚಲಲ್ಲಿ ಅದು ಆರಿಹೋದರೆ ಬಾಗಿಲು ತೆರೆದಿಟ್ಟಂತೆ. ನೀರು ಹಾಕಿದ ಮೇಲೆ ಸಂಜೆಯ ಹೊತ್ತಿಗೆ ನಾತ ಹೋಗುತ್ತದೆ. ಈಗ ಇದಕ್ಕೆ ಎಷ್ಟು ಕೊಡಬೇಕು? ಬಹಳಷ್ಟು ಮನೆಗಳ ಲೆಕ್ಕದಲ್ಲಿ ಒಂದು ಲೋಟ ಕಾಫಿ, ಮೇಲೊಂದು ನೂರರ ನೋಟು, ಅದೂ ‘ಇಷ್ಟಕ್ಕೆ ಏನು ಕೊಡೋದು’ ಎಂಬ ಗೊಣಗಿನ ಜೊತೆಗೆ. ಅದೇ ಬಚ್ಚಲಿಗೆ ಇನ್ನೊಬ್ಬರು ಬಂದು, ಟ್ರ್ಯಾಪ್ ಬಿರುಕು ಬಿಟ್ಟಿದೆ, ನಾಲ್ಕು ಟೈಲ್ಸ್ ಕೀಳಬೇಕು ಎಂದು ಹೇಳಿ, ಎರಡು ದಿನ ಉಳಿ ಸುತ್ತಿಗೆ ಆಡಿಸಿ, ಹೊಸ ಟ್ರ್ಯಾಪ್ ಕೂರಿಸಿ, ಸಿಮೆಂಟು ಮೆತ್ತಿ ಹೋದರೆ ಸಾವಿರಗಟ್ಟಲೆ ಬಿಲ್ಲಾಗುತ್ತದೆ. ಒಂದಿಷ್ಟು ಚೌಕಾಸಿ ಮಾಡಿ ಮನೆಯವರು ಕೊಟ್ಟೂಬಿಡುತ್ತಾರೆ. ನಾತ ಆಗಲೂ ಹೋಗುತ್ತದೆ. ಹೊಸ ಟ್ರ್ಯಾಪಿನಲ್ಲೂ ನೀರು ನಿಂತಿತಲ್ಲ!

ಪ್ಲಂಬರ್ ಕಸುಬಿನ ದಿನನಿತ್ಯದ ಕಷ್ಟಗಳು ಯಾವುವು ಎಂದರೆ ಯಾರಾದರೂ ನಾಲ್ಕಾರು ಹೇಳಿಬಿಡಬಲ್ಲರು. ಮೈಕೈ ಹೊಲಸಾಗುವ ಕೆಲಸ. ಸಿಂಕಿನ ಕೆಳಗೆ ಮೈ ಮುದುಡಿ ಮಲಗಬೇಕು. ಕುಕ್ಕರುಗಾಲಲ್ಲಿ ಕೂತು ಕೂತು ಮಂಡಿ ಸವೆಯುತ್ತದೆ. ಹಬ್ಬದ ದಿನ ಬೆಳಗ್ಗೆಯೇ ಫೋನು ಬರುತ್ತದೆ. ದುಡ್ಡು ಕೊಡುವಾಗ ಎಲ್ಲರೂ ಜಿಪುಣರಾಗುತ್ತಾರೆ. ಎಲ್ಲವೂ ನಿಜ, ಆದರೆ ಗಾರೆಯವರಿಗೂ ಬಣ್ಣ ಬಳಿಯುವವರಿಗೂ ಇಂಥವೇ ಕಷ್ಟಗಳಿವೆ. ಪ್ಲಂಬರಿಗೆ ಮಾತ್ರ ಇರುವ ತೊಡಕು ಬೇರೆ. ಅವರ ಕೆಲಸದ ಮುಕ್ಕಾಲು ಪಾಲು ಕಣ್ಣಿಗೆ ಕಾಣದ್ದನ್ನು ಊಹಿಸುವುದು. ನಾವು ಬೆಲೆ ಕಟ್ಟುವುದು ಕಣ್ಣಿಗೆ ಕಾಣುವ ಕಾಲುಭಾಗಕ್ಕೆ. ಪ್ಲಂಬರುಗಳ ಮೇಲೆ ನಮಗಿರುವ ದೂರುಗಳು, ನಮ್ಮ ಮೇಲೆ ಅವರಿಗಿರುವ ದೂರುಗಳು, ಎರಡರ ಬಹುಪಾಲು ಹುಟ್ಟುವುದು ಈ ಒಂದು ತಪ್ಪು ಲೆಕ್ಕದಿಂದ. ಸುಳ್ಳು ಹೇಳಿ ಒಡೆದವರಿಗೆ ದುಡ್ಡು, ನಿಜ ಹೇಳಿ ನೀರು ಸುರಿದವರಿಗೆ ಕಾಫಿ ಎಂಬ ಏರ್ಪಾಡನ್ನು ನಾವೇ ಮಾಡಿಟ್ಟುಕೊಂಡು, ಒಳ್ಳೆಯ ಪ್ಲಂಬರ್ ಸಿಗುವುದಿಲ್ಲ ಎಂದು ಕೊರಗುತ್ತಿದ್ದೇವೆ.

ಹಳೆಯ ಮನೆಗಳಲ್ಲಿ ಕಬ್ಬಿಣದ ಜಿಐ ಪೈಪು ಗೋಡೆಯ ಮೇಲೆಯೇ, ಕ್ಲಾಂಪು ಹೊಡೆದುಕೊಂಡು, ಎಲ್ಲರಿಗೂ ಕಾಣುವಂತೆ ಹಾದುಹೋಗುತ್ತಿತ್ತು. ನೋಡಲು ಚೆಂದವಿರಲಿಲ್ಲ. ಆದರೆ ಎಲ್ಲಿ ಸೋರುತ್ತಿದೆ ಎಂದು ಮನೆಯ ಮಗುವೂ ಬೆರಳು ತೋರಿಸಬಹುದಿತ್ತು. ಆಮೇಲೆ ಪೈಪನ್ನು ಗೋಡೆಯೊಳಗೆ ಹುದುಗಿಸುವ ರೂಢಿ ಬಂತು, ಅದರ ಮೇಲೆ ಪ್ಲಾಸ್ಟರು, ಅದರ ಮೇಲೆ ಛಾವಣಿಯವರೆಗೂ ಟೈಲ್ಸು. ಪೈಪು ಎಲ್ಲಿ ತಿರುಗಿದೆ, ಬಿಸಿನೀರಿನದು ಯಾವುದು, ಜಾಯಿಂಟು ಎಲ್ಲಿ ಬಿದ್ದಿದೆ ಎಂಬುದು ಅದನ್ನು ಹಾಕಿದವರ ತಲೆಯಲ್ಲಿ ಮಾತ್ರ ಉಳಿಯಿತು. ಅವರು ಇನ್ನೊಂದು ಸೈಟಿಗೆ ಹೋದ ಮೇಲೆ ಅಲ್ಲೂ ಉಳಿಯಲಿಲ್ಲ. ಇಪ್ಪತ್ತೈದು ವರ್ಷ ಹಳೆಯದಾದ ಅಂಥ ಮನೆಯೊಂದರ ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿದೆ ಎನ್ನಿ. ಸೆಕೆಂಡಿಗೊಂದು ಹನಿಯೆಂದರೂ ದಿನಕ್ಕೆ ಇಪ್ಪತ್ತು ಲೀಟರಿನಷ್ಟು ನೀರು ಪೋಲು. ಹೊಸ ನಲ್ಲಿ ತಂದಿಟ್ಟಿದ್ದಾರೆ. ಹಳೆಯದನ್ನು ತಿರುಗಿಸಿ ತೆಗೆದು ಹೊಸದನ್ನು ತಿರುಗಿಸಿ ಹಾಕುವುದು, ಐದು ನಿಮಿಷದ ಕೆಲಸ ಎಂದು ಮನೆಯವರ ಅಂದಾಜು. ಮೊದಲು ನೀರು ನಿಲ್ಲಿಸಬೇಕು. ತಾರಸಿಯ ಮೇಲಿನ ಗೇಟ್‌ವಾಲ್ವನ್ನು ಹತ್ತು ವರ್ಷದಿಂದ ಯಾರೂ ಮುಟ್ಟಿಲ್ಲ. ಅದು ಮುಚ್ಚಿಕೊಳ್ಳುವುದಿಲ್ಲ, ಬಲ ಹಾಕಿದರೆ ಹಿಡಿ ಕೈಗೇ ಬರುತ್ತದೆ. ತೊಟ್ಟಿಯ ನೀರೆಲ್ಲ ಖಾಲಿ ಮಾಡಬೇಕಾಗುತ್ತದೆ. ಆಮೇಲೆ ರೆಂಚು ಹಾಕಿ ತಿರುಗಿಸಿದರೆ ನಲ್ಲಿ ತಿರುಗಿದಂತೆ ಕಾಣುತ್ತದೆ. ತಿರುಗುತ್ತಿರುವುದು ನಲ್ಲಿಯ ಥ್ರೆಡ್ಡೋ, ಅದಕ್ಕೆ ತುಕ್ಕಿನಿಂದ ಕಚ್ಚಿಕೊಂಡ ಗೋಡೆಯೊಳಗಿನ ಎಲ್ಬೋವೋ? ಎಲ್ಬೋ ತಿರುಗಿದರೆ ಒಳಗಿನ ಪೈಪು ಮುರಿಯಿತೆಂದೇ ಅರ್ಥ. ಗೋಡೆ ಒಡೆಯದೆ ಬೇರೆ ದಾರಿಯಿಲ್ಲ. ಇದನ್ನು ಹೇಳಬಲ್ಲದ್ದು ಮುಂಗೈಗೆ ತಾಗುವ ಬಿಗಿಯೊಂದೇ. ಅನುಭವಸ್ಥರು ನಡುವೆ ನಿಲ್ಲಿಸಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಎಣ್ಣೆ ಬಿಟ್ಟು ಕಾಯುತ್ತಾರೆ. ನೋಡುವವರಿಗೆ ಅದು ಸುಮ್ಮನೆ ಕೂತಂತೆ. ಎಲ್ಬೋ ಉಳಿದರೆ ಐದು ನಿಮಿಷದ ಕೆಲಸಕ್ಕೆ ಒಂದು ಗಂಟೆ ಎಳೆದರು ಎಂಬ ದೂರು; ಮುರಿದರೆ ಚೆನ್ನಾಗಿದ್ದ ಗೋಡೆ ಕೆಡಿಸಿದರು ಎಂಬ ದೂರು.

ಅಂಗಡಿಗೆ ಹೋಗಿ ಬರುವ ವಿಷಯವೂ ಹೀಗೆಯೇ. ‘ಮೂರು ಸಲ ಹಾರ್ಡ್‌ವೇರ್ ಅಂಗಡಿಗೆ ಹೋದ, ಅರ್ಧ ದಿನ ಅದರಲ್ಲೇ ಕಳೆದ’ ಎನ್ನದ ಮನೆಯಿಲ್ಲ. ಕೊಂಚ ಲೆಕ್ಕ ನೋಡೋಣ. ಅರ್ಧ ಇಂಚು ಎಂದರೆ 12.7 ಮಿಲಿಮೀಟರ್. ಅರ್ಧ ಇಂಚಿನ ಜಿಐ ಪೈಪಿನ ಹೊರ ಅಳತೆ ಸುಮಾರು 21.3 ಮಿಲಿಮೀಟರ್. ಬಿಸಿನೀರಿಗೆ ಹಾಕುವ ಅರ್ಧ ಇಂಚಿನ ಸಿಪಿವಿಸಿ ಪೈಪಿನದು 15.9. ಮೆಟ್ರಿಕ್ ಅಳತೆಯಲ್ಲಿ ಮಾರುವ ಪಿವಿಸಿ ಪೈಪಿಗೆ ಹೊರ ಅಳತೆಯೇ ಹೆಸರು, ಹಾಗಾಗಿ ಅಲ್ಲಿ 20 ಎಂಎಂ ಎಂದರೆ ಅರ್ಧ ಇಂಚು. ಸಿಪಿವಿಸಿಯಲ್ಲಿ 20 ಎಂಎಂ ಎಂದರೆ ಮುಕ್ಕಾಲು ಇಂಚು, ಅದರ ಹೊರ ಅಳತೆ 22.2. ಒಂದೇ ಹೆಸರಿನ ಯಾವ ಎರಡು ಪೈಪೂ ಒಂದಕ್ಕೊಂದು ಕೂರುವುದಿಲ್ಲ, ಇಂಚಿನ ಹೆಸರಿನಲ್ಲಿರುವ ಅಳತೆ ಯಾವ ಪೈಪಿನ ಹೊರಮೈಯಲ್ಲೂ ಸಿಗುವುದಿಲ್ಲ. ಗೋಡೆ ತೆರೆದು ನೋಡುವ ತನಕ ಒಳಗಿರುವುದು ಯಾವ ಜಾತಿಯದು, ನಡುವೆ ಯಾರು ಯಾವುದಕ್ಕೆ ಯಾವುದನ್ನು ಜೋಡಿಸಿದ್ದಾರೆ ಎಂಬುದು ಗೊತ್ತಾಗುವುದಿಲ್ಲ. ಕಬ್ಬಿಣದಿಂದ ಪ್ಲಾಸ್ಟಿಕ್ಕಿಗೆ ದಾಟಬೇಕಾದರೆ ಹಿತ್ತಾಳೆಯ ಥ್ರೆಡ್ ಕೂರಿಸಿದ ಫಿಟ್ಟಿಂಗ್ ಬೇಕು; ಬರೀ ಪ್ಲಾಸ್ಟಿಕ್ ಥ್ರೆಡ್ ಹಾಕಿ ಬಿಗಿದರೆ ಅವತ್ತು ನಿಲ್ಲುತ್ತದೆ, ಆರು ತಿಂಗಳಿಗೆ ಸೀಳುತ್ತದೆ. ಸರಿಯಾದ ಫಿಟ್ಟಿಂಗಿಗಾಗಿ ಇನ್ನೊಂದು ಸಲ ಅಂಗಡಿಗೆ ಹೋಗುವವರು ನಿಜವಾಗಿ ಮನೆಯವರ ಗೋಡೆ ಉಳಿಸುತ್ತಿರುತ್ತಾರೆ. ಗಂಟು ಅಂಟಿಸಿದ ಸಾಲ್ವೆಂಟ್ ಆರಲು ಹೊತ್ತು ಬೇಕು ಎಂದರೂ ಅದೇ ಕಥೆ: ಈಗಲೇ ನೀರು ಬಿಡಿ, ಅಡುಗೆ ಆಗಬೇಕು ಎಂಬ ಒತ್ತಾಯಕ್ಕೆ ಮಣಿದು ಬಿಟ್ಟ ನೀರು, ರಾತ್ರಿ ಗೋಡೆಯೊಳಗೆ ಜಿನುಗತೊಡಗುತ್ತದೆ.

ಇದಿಷ್ಟು ಯಾವ ಊರಿನ ಪ್ಲಂಬರಿಗೂ ಇರುವ ಪಾಡು ಎನ್ನಬಹುದು. ನಮ್ಮ ಊರುಗಳಲ್ಲಿ ಇನ್ನೊಂದು ಭಾರ ಸೇರಿಕೊಂಡಿದೆ. ಬೆಂಗಳೂರಿಗೆ ಕಾವೇರಿ ನೀರು ಬರುವುದು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಹಂತ ಹಂತವಾಗಿ ಸುಮಾರು 500 ಮೀಟರ್ ಎತ್ತರ ಹತ್ತಿಕೊಂಡು. 1974ರ ಮೊದಲ ಹಂತದಿಂದ 2024ರ ಅಕ್ಟೋಬರಿನಲ್ಲಿ ಶುರುವಾದ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಐದನೆಯ ಹಂತದವರೆಗೆ ಯೋಜನೆ ಬೆಳೆಯುತ್ತ ಬಂದರೂ ಅನೇಕ ಬಡಾವಣೆಗಳಲ್ಲಿ ನೀರು ದಿನ ಬಿಟ್ಟು ದಿನ, ಅದೂ ಕೆಲವೇ ಗಂಟೆ. 2008ರಿಂದ ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆ ನೀರು ಕೊಟ್ಟು ತೋರಿಸಿದ್ದುಂಟು. ಮಿಕ್ಕೆಡೆ ನೀರು ಬಂದಾಗ ಹಿಡಿದಿಟ್ಟುಕೊಳ್ಳುವುದೇ ರೂಢಿ. ಹೀಗಾಗಿ ನಮ್ಮಲ್ಲಿ ಒಂದೊಂದು ಮನೆಯೂ ಒಂದು ಪುಟ್ಟ ಜಲಮಂಡಳಿ. ನೆಲದಡಿ ಸಂಪು, ಅದಕ್ಕೊಂದು ಬಾಲ್‌ಕಾಕ್, ಮೋಟರು, ನೀರು ಹಿಂದಕ್ಕೆ ಬಾರದಂತೆ ಎನ್‌ಆರ್‌ವಿ, ಬೋರಿನದೊಂದು ಲೈನು, ಕಾವೇರಿಯದೊಂದು ಲೈನು, ತಾರಸಿಯ ಮೇಲೆ ಎರಡು ತೊಟ್ಟಿ, ಇವೆರಡನ್ನೂ ಬೆಸೆಯುವ ನಾಲ್ಕೈದು ವಾಲ್ವು. ಸದಾ ಒತ್ತಡದಲ್ಲಿ ನೀರು ಬರುವ ಊರಿನ ಮನೆಗೆ ಇದಾವುದೂ ಬೇಕಿಲ್ಲ. ಊರು ಮಾಡಬೇಕಾದ ಕೆಲಸವನ್ನು ಮನೆಗಳು ಹಂಚಿಕೊಂಡಿವೆ. ಅದರ ಎಂಜಿನಿಯರಿಕೆ ಪ್ಲಂಬರ ಹೆಗಲಿಗೆ ಬಿದ್ದಿದೆ, ಎಂಜಿನಿಯರ ಸಂಬಳವಿಲ್ಲದೆ.

ಒತ್ತಡದ ವಿಷಯವನ್ನೇ ನೋಡಿ. ಹತ್ತು ಮೀಟರ್ ಎತ್ತರದಲ್ಲಿ ನಿಂತ ನೀರು ಕೊಡುವ ಒತ್ತಡ ಸುಮಾರು ಒಂದು ಬಾರ್. ಮೇಲಿನ ಮಹಡಿಯ ಷವರಿಗೂ ತಾರಸಿಯ ತೊಟ್ಟಿಗೂ ನಡುವೆ ಮೂರು ಮೀಟರ್ ಇದ್ದರೆ ಸಿಗುವುದು ಬಾರಿನ ಮೂರನೆಯ ಒಂದು ಭಾಗವೂ ಅಲ್ಲ. ಷೋರೂಮಿನಲ್ಲಿ ಮಳೆಯಂತೆ ಸುರಿದ ದುಬಾರಿ ಷವರು ಅದಕ್ಕಿಂತ ಹಲವು ಪಟ್ಟು ಒತ್ತಡಕ್ಕೆಂದು ಮಾಡಿದ್ದು. ಅದನ್ನು ಮನೆಗೆ ತಂದು ಹಾಕಿಸಿದರೆ ನೀರು ಷವರಿನ ಮೂತಿಯಿಂದ ನಾಚಿಕೊಂಡು ಇಳಿಯುತ್ತದೆ. ಬೈಗುಳ ತಿನ್ನುವುದು ಷೋರೂಮಿನವರಲ್ಲ, ಹಾಕಿಕೊಟ್ಟವರು. ತೊಟ್ಟಿಯಿಂದ ಇಳಿಯುವ ಪೈಪಿಗೆ ತಲೆಬಾಗಿಸಿದ ಗಾಳಿಕೊಳವೆಯೊಂದನ್ನು ಬಿಡದಿದ್ದರೆ ಗಾಳಿ ಸಿಕ್ಕಿಕೊಂಡು ನೀರು ನಿಂತುಹೋಗುವುದೂ ಉಂಟು. ಕೊಳವೆಯಲ್ಲಿ ಗಾಳಿಯ, ಒತ್ತಡದ ಕಾಟ ಹೊಸದೇನಲ್ಲ. ಆದಿಲ್‌ಶಾಹಿಗಳ ವಿಜಯಪುರಕ್ಕೆ ತೊರವಿಯ ಕಡೆಯಿಂದಲೂ 1651ರ ಬೇಗಂ ತಲಾಬಿನಿಂದಲೂ ಮಣ್ಣಿನ ಕೊಳವೆಗಳಲ್ಲಿ ನೀರು ಬರುತ್ತಿತ್ತು. ದಾರಿಯಲ್ಲಿ ಒತ್ತಡ ಇಳಿಸಲೆಂದು, ಹೂಳು ತಳ ಸೇರಲೆಂದು ಗಂಜ್ ಎಂಬ ಗೋಪುರಗಳನ್ನು ಕಟ್ಟಿದ್ದರು. ಕೆಲವು ಇಂದಿಗೂ ನಿಂತಿವೆ. ತೊಂದರೆ ಬರುವ ಜಾಗವನ್ನು ನೆಲದ ಮೇಲೆ, ಎಲ್ಲರ ಕಣ್ಣಿಗೆ ಬೀಳುವಂತೆ ಕಟ್ಟಿದ ಆ ಕಾಲದವರ ಜಾಣ್ಮೆ ನಮ್ಮ ಬಚ್ಚಲುಮನೆಯ ವಿನ್ಯಾಸಕ್ಕೆ ಇನ್ನೂ ಬಂದಂತಿಲ್ಲ.

ಗಡಸು ನೀರಿನ ಪಾಡನ್ನು ಹೆಚ್ಚು ಹೇಳಬೇಕಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಪ್ಪಿತ, ಬೇರೆ ಮೂಲವಿಲ್ಲದಾಗ 600ರವರೆಗೆ ಸೈರಣೆ. ಬೋರು, ಟ್ಯಾಂಕರು ನೆಚ್ಚಿದ ಬಡಾವಣೆಗಳಲ್ಲಿ ಗೀಸರಿನ ಕಾಯಿಲಿನ ಮೇಲೆ ಬಿಳಿ ಸುಣ್ಣ ಕಟ್ಟುವುದನ್ನು, ಷವರಿನ ತೂತು ಒಂದೊಂದಾಗಿ ಮುಚ್ಚುವುದನ್ನು ಯಾರಾದರೂ ನೋಡಬಹುದು. 2024ರ ಮಾರ್ಚಿನ ನೀರಿನ ಬರದಲ್ಲಿ ಬೆಂಗಳೂರು ಜಲಮಂಡಳಿ ಅಪಾರ್ಟ್‌ಮೆಂಟು, ಹೋಟೆಲು, ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರಿಯೇಟರ್ ಕಡ್ಡಾಯ ಮಾಡಿತು, ಒಳ್ಳೆಯ ಕ್ರಮವೇ. ಆದರೆ ಆ ಸಣ್ಣ ಜಾಲರಿಗೆ ಸುಣ್ಣ ಬಲು ಪ್ರೀತಿ. ಆಗಾಗ ಬಿಚ್ಚಿ ತೊಳೆಯಬೇಕು ಎಂಬುದು ಆದೇಶದಲ್ಲಿ ಬರುವ ಮಾತಲ್ಲ, ನಲ್ಲಿಯ ಮುಂದೆ ನಿಂತವರಿಗೆ ತಿಳಿಯುವ ಮಾತು. ‘ನೀವು ಹಾಕಿದ ನಲ್ಲಿ ಮೂರೇ ತಿಂಗಳಿಗೆ ಕೆಟ್ಟಿತು’ ಎಂಬ ಫೋನು ಬಂದಾಗ, ಕೆಟ್ಟಿದ್ದು ನಲ್ಲಿಯಲ್ಲ, ನೀರು ಎಂದು ವಿವರಿಸುವ ಕೆಲಸವೂ ಪುಕ್ಕಟೆಯದೇ.

ಇಷ್ಟೆಲ್ಲದರಲ್ಲಿ ತೀರಾ ಇಕ್ಕಟ್ಟಿನದು ಅಪಾರ್ಟ್‌ಮೆಂಟಿನ ಸೋರಿಕೆ. ಕೆಳಗಿನ ಮನೆಯ ಸೀಲಿಂಗಿನಲ್ಲಿ ಕಂದು ಕಲೆ. ಮೇಲಿನ ಮನೆಯವರು ‘ನಮ್ಮದೇನೂ ಇಲ್ಲ’ ಎನ್ನುತ್ತಾರೆ. ಕಲೆಗೆ ಕಾರಣ ಮೂರರಲ್ಲಿ ಒಂದಿರಬಹುದು. ನೀರು ಬರುವ ಪೈಪು ಸೋರಿದ್ದರೆ ಯಾರೂ ಬಚ್ಚಲು ಬಳಸದಿದ್ದರೂ ಕಲೆ ಹಗಲೂ ರಾತ್ರಿ ಬೆಳೆಯುತ್ತದೆ. ಹೊರಹೋಗುವ ಪೈಪಾದರೆ ಬಳಸಿದಾಗ ಮಾತ್ರ. ಟೈಲ್ಸಿನ ಸಂದಿಯೋ ಕೆಳಗಿನ ವಾಟರ್‌ಪ್ರೂಫಿಂಗೋ ಕೈಕೊಟ್ಟಿದ್ದರೆ ನೆಲದ ಮೇಲೆ ನೀರು ನಿಂತಾಗ ಒದ್ದೆ ಹೆಚ್ಚುತ್ತದೆ. ಬೇರ್ಪಡಿಸಲು ದಾರಿಯಿದೆ: ವಾಲ್ವು ಮುಚ್ಚಿ ಒಂದು ರಾತ್ರಿ ಬಿಡುವುದು, ಜಾಲರಿಗೆ ಬಟ್ಟೆ ತುರುಕಿ ನೆಲದಲ್ಲಿ ನೀರು ಕಟ್ಟಿ ನೋಡುವುದು, ಒಂದೊಂದನ್ನೇ ಬಳಸಿ ಗಮನಿಸುವುದು. ಎರಡು ಮೂರು ದಿನ, ಹಲವು ಸಲ ಬಂದುಹೋಗುವ ಕೆಲಸ. ಒಂದು ಇಟ್ಟಿಗೆಯೂ ಕದಲುವುದಿಲ್ಲ, ಒಂದು ಪೈಪೂ ಮಾರಾಟವಾಗುವುದಿಲ್ಲ. ಹಾಗಾಗಿ ದುಡ್ಡೂ ಹುಟ್ಟುವುದಿಲ್ಲ. ಅದರ ಮೇಲೆ, ಪ್ಲಂಬರ್ ಏನು ಹೇಳುತ್ತಾರೋ ಅದರಂತೆ ಎರಡು ಮನೆಗಳಲ್ಲಿ ಒಂದು ಖರ್ಚು ಹೊರಬೇಕು. ಪಂಚಾಯ್ತಿಯ ಸಾಕ್ಷಿಯಂತೆ ನಿಂತ ಈ ಮನುಷ್ಯನ ಮೇಲೆ ಇಬ್ಬರಿಗೂ ಸಂಶಯ. ತಾಳ್ಮೆಯಿಂದ ಪರೀಕ್ಷೆ ಮಾಡುವುದಕ್ಕಿಂತ, ಮೇಲಿನ ಬಚ್ಚಲು ಪೂರ್ತಿ ಕಿತ್ತು ಹೊಸದಾಗಿ ಮಾಡಿ ಎಂದುಬಿಡುವುದು ಪ್ಲಂಬರಿಗೆ ಲಾಭ, ನೆಮ್ಮದಿ ಕೂಡ.

ಲೆಕ್ಕಕ್ಕೆ ಬಾರದ ಇನ್ನೊಂದು ತಿಳಿವಳಿಕೆ ಇದೆ. ಅದು ‘ಬೇಡ’ ಎನ್ನುವುದು. ಕಟ್ಟಿಕೊಂಡ ಚೇಂಬರು, ತುಂಬಿದ ಗುಂಡಿ, ವರ್ಷಗಟ್ಟಲೆ ಮುಚ್ಚಿಟ್ಟ ಸಂಪು, ಇವುಗಳ ಬಾಯಿ ತೆರೆದು ‘ಸ್ವಲ್ಪ ಒಳಗೆ ಇಳಿದು ನೋಡಿ’ ಎನ್ನುವುದು ನಮ್ಮಲ್ಲಿ ಸಾಮಾನ್ಯ. ಕೊಳಚೆಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯ ನಾತ ಬೀರುತ್ತದೆ. ಪ್ರಮಾಣ ಏರಿದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ನಾತ ಹೋಯಿತು ಎಂದುಕೊಳ್ಳುವ ಗಳಿಗೆಯೇ ಪ್ರಾಣ ಹೋಗುವ ಗಳಿಗೆ. ಕುಡಿಯುವ ನೀರಿನ ಸಂಪಿನಲ್ಲೂ ಉಸಿರಾಟಕ್ಕೆ ಸಾಲುವಷ್ಟು ಆಮ್ಲಜನಕ ಇರದಿರಬಹುದು. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ, ರಕ್ಷಣೆಯಿಲ್ಲದೆ ಯಾರನ್ನೂ ಒಳಚರಂಡಿಗೆ, ಸೆಪ್ಟಿಕ್ ಗುಂಡಿಗೆ ಇಳಿಸುವುದನ್ನು ಅಪರಾಧವೆಂದಿದೆ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಒಳಚರಂಡಿ ಸಾವಿಗೆ ಕೊಡಬೇಕಾದ ಪರಿಹಾರವನ್ನು 30 ಲಕ್ಷ ರೂಪಾಯಿಗೆ ಏರಿಸಿತು. ‘ನಾನು ಇಳಿಯೋದಿಲ್ಲ, ಜೆಟ್ಟಿಂಗ್ ಗಾಡಿ ಕರೆಸಿ’ ಎನ್ನುವ ಪ್ಲಂಬರ್ ಕಾನೂನನ್ನೂ ಜೀವವನ್ನೂ ಕಾಪಾಡುತ್ತಿದ್ದಾರೆ. ಆದರೆ ಬೇಡ ಎಂದವರಿಗೆ ಕೂಲಿಯಿಲ್ಲ. ಹೂಂ ಎಂದ ಇನ್ನೊಬ್ಬರಿಗೆ ಐನೂರು ಹೆಚ್ಚೇ ಸಿಗುತ್ತದೆ. ಆ ಇನ್ನೊಬ್ಬರು ಯಾವ ಜಾತಿಯವರಾಗಿರುತ್ತಾರೆ ಎಂಬುದು ನಮಗೆಲ್ಲ ಗೊತ್ತಿದೆ.

ಇಲ್ಲಿ ಓದುಗರು ತಡೆದು ಕೇಳಬಹುದು: ಇಷ್ಟು ಪಾಪದವರೇ ಪ್ಲಂಬರುಗಳು? ಹೇಳಿದ ದಿನ ಬಾರದವರು, ಅರ್ಧ ಕೆಲಸಕ್ಕೆ ಬಿಟ್ಟುಹೋದವರು, ಅಂಗಡಿಯಲ್ಲಿ ಕಮಿಷನ್ ಹೊಡೆಯುವವರು ಯಾರು? ಇದನ್ನು ಅಲ್ಲಗಳೆಯಲಾಗದು. ಆದರೆ ಕಮಿಷನ್ ಎಲ್ಲಿಂದ ಹುಟ್ಟಿತು ಎಂದು ನೋಡಬೇಕು. ತಿಳಿವಳಿಕೆಗೆ ನೇರವಾಗಿ ದುಡ್ಡು ಸಿಗದ ಕಸುಬಿನಲ್ಲಿ ಅದು ಸಾಮಾನಿನ ಬಿಲ್ಲಿನೊಳಗೆ ಅಡಗಿಕೊಂಡು ಬರುತ್ತದೆ. ಐನೂರು ರೂಪಾಯಿಯ ಸಲಹೆಯನ್ನು ನಾವು ಕೊಳ್ಳುವುದಿಲ್ಲ. ಮೂರು ಸಾವಿರದ ನಲ್ಲಿ ಕೊಳ್ಳುತ್ತೇವೆ, ಅದರಲ್ಲಿ ಐನೂರು ಅವರಿಗೆ ಹೋಗುತ್ತದೆ. ಇದರಿಂದ ಕಮಿಷನ್ ಸರಿಯಾಗಿಬಿಡುವುದಿಲ್ಲ. ಹತ್ತು ರೂಪಾಯಿಯ ವಾಷರಿನಲ್ಲಿ ಮುಗಿಯುವುದಕ್ಕೆ ಹೊಸ ನಲ್ಲಿ ಮಾರುವುದು ಮೋಸವೇ. ಆದರೆ ವಾಷರ್ ಹಾಕಿ ಪ್ರಾಮಾಣಿಕವಾಗಿ ಎದ್ದವರಿಗೆ ಹತ್ತು ರೂಪಾಯಿಯ ಸಾಮಾನಿಗೆ ಇನ್ನೂರು ಕೂಲಿಯೇ ಎಂದು ಹುಬ್ಬೇರಿಸುವವರು, ಆ ಮೋಸವನ್ನು ಬೇರೆಯವರಿಗೆ ಕಲಿಸುತ್ತಿದ್ದಾರೆ ಎಂಬುದೂ ಅಷ್ಟೇ ನಿಜ. ಬಾರದಿರುವುದಕ್ಕೂ ಇದೇ ಬೇರು. ಹೊಸ ಕಟ್ಟಡದಲ್ಲಿ ಬಚ್ಚಲಿಗಿಷ್ಟು, ಪಾಯಿಂಟಿಗಿಷ್ಟು ಎಂದು ಗುತ್ತಿಗೆ ಇರುತ್ತದೆ. ಎಷ್ಟು ಕೆಲಸ, ಎಷ್ಟು ದುಡ್ಡು ಎಂಬುದು ಮೊದಲೇ ಗೊತ್ತು. ರಿಪೇರಿಯೆಂದರೆ ಗಾಡಿಗೆ ಪೆಟ್ರೋಲು ಹಾಕಿಕೊಂಡು ಹೋಗಿ, ಏನಿದೆಯೋ ನೋಡಿ, ಕೆಲಸ ಆದರೆ ಆಯಿತು. ಕೈ ಪಳಗಿದವರು ಸೈಟಿನತ್ತ ಹೋಗುತ್ತಾರೆ. ಅತಿ ಹೆಚ್ಚು ಅನುಭವ ಬೇಡುವ ರಿಪೇರಿಗೆ ನಿನ್ನೆ ಮೊನ್ನೆಯ ಹೆಲ್ಪರುಗಳು ಬರುತ್ತಾರೆ.

ಎರಡನೆಯ ಆಕ್ಷೇಪ ಓದಿನದು. ಡಾಕ್ಟರಿಗೆ ಬರೀ ನೋಡಿದ್ದಕ್ಕೆ ಫೀಸು ಕೊಡುತ್ತೇವೆ, ಅವರು ಓದಿದ್ದಾರೆ; ಪ್ಲಂಬರ್ ಎಲ್ಲಿ ಓದಿದ್ದಾರೆ? ಐಟಿಐಗಳಲ್ಲಿ ಒಂದು ವರ್ಷದ ಪ್ಲಂಬರ್ ಕೋರ್ಸು ಇದೆ. ಒಡಿಶಾದ ಕೇಂದ್ರಾಪಾಡಾ ಜಿಲ್ಲೆಯಿಂದ ದೇಶದ ಊರೂರಿಗೆ ಪ್ಲಂಬರುಗಳು ಹೋಗಿದ್ದಾರೆ, ಬೆಂಗಳೂರಿಗೂ ಬಂದಿದ್ದಾರೆ. ಅಲ್ಲಿನ ಪಟ್ಟಾಮುಂಡೈಯಲ್ಲಿ ಈ ಕಸುಬಿಗೆಂದೇ ಸರ್ಕಾರಿ ಸಂಸ್ಥೆಯಿದೆ. ಆದರೂ ಬಹುತೇಕರು ಕಲಿತದ್ದು ಅಣ್ಣನ, ಮಾವನ, ಊರಿನವರ ಹಿಂದೆ ಚೀಲ ಹೊತ್ತು. ಹೊಸ ಪೈಪು ಹಾಕುವುದನ್ನು ತರಗತಿಯಲ್ಲಿ ಕಲಿಸಬಹುದು. ಹಳೆಯ ಮನೆಯ ಮನಸ್ಸು ಓದುವುದು ಮನೆಗಳಲ್ಲೇ ಕಲಿಯಬೇಕಾದದ್ದು. ತರಬೇತಿ ಬೇಡ ಎಂದಲ್ಲ, ಖಂಡಿತ ಬೇಕು. ಆದರೆ ಸರ್ಟಿಫಿಕೇಟನ್ನು ಕೇಳುವವರು ಯಾರು? ಬಾಗಿಲಲ್ಲಿ ನಿಂತು ಪ್ಲಂಬರ ಸರ್ಟಿಫಿಕೇಟು ನೋಡಿ ಎರಡು ಕಾಸು ಹೆಚ್ಚು ಕೊಟ್ಟವರಿಲ್ಲ. ಓದಿನ ಮಾತು ನಿಜವಾದ ಅಡ್ಡಿಯಲ್ಲ ಎಂಬುದಕ್ಕೆ ಇನ್ನೊಂದು ಪುರಾವೆಯಿದೆ: ಫ್ರಿಜ್ಜು, ವಾಷಿಂಗ್ ಮೆಷಿನ್ ರಿಪೇರಿಗೆ ಬಂದವರು ‘ವಿಸಿಟಿಂಗ್ ಚಾರ್ಜ್’ ಎಂದರೆ ನಾವು ತೆಪ್ಪಗೆ ಕೊಡುತ್ತೇವೆ. ಅವರ ಡಿಗ್ರಿಯನ್ನೂ ಕೇಳಿಲ್ಲ. ಯಂತ್ರದ ಒಳಗು ನಮಗೆ ಗೊತ್ತಿಲ್ಲ ಎಂಬ ಅಳುಕು ನಮಗಿದೆ. ನೀರಿನ ವಿಷಯದಲ್ಲಿ ಆ ಅಳುಕಿಲ್ಲ, ನಲ್ಲಿ ತಿರುಗಿಸುವುದು ಎಲ್ಲರಿಗೂ ಬರುತ್ತದಲ್ಲ. ತಮಾಷೆಯೆಂದರೆ, ಮೆಷಿನ್ನಿನ ನಕ್ಷೆ ಕಂಪನಿಯವರ ಬಳಿ ಇರುತ್ತದೆ. ನಕ್ಷೆಯಿಲ್ಲದ್ದು ನಮ್ಮ ಮನೆಗೆ.

ಆ್ಯಪ್‌ಗಳು ಇದನ್ನೆಲ್ಲ ಬಗೆಹರಿಸಿವೆ ಎನ್ನುವವರಿದ್ದಾರೆ. ಒಂದು ಒಳ್ಳೆಯದನ್ನು ಅವು ಮಾಡಿವೆ: ಬಂದು ನೋಡಿದ್ದಕ್ಕೂ ದರ ಉಂಟು ಎಂಬುದನ್ನು ಮಧ್ಯಮ ವರ್ಗಕ್ಕೆ ಒಂದಿಷ್ಟಾದರೂ ಒಪ್ಪಿಸಿವೆ. ಆದರೆ ಅವುಗಳ ದರಪಟ್ಟಿ ಬಹುಮಟ್ಟಿಗೆ ಕ್ರಿಯೆಗಳ ಪಟ್ಟಿ: ನಲ್ಲಿ ಬದಲಿಸಲು ಇಷ್ಟು, ಸಿಂಕ್ ಬ್ಲಾಕ್ ತೆಗೆಯಲು ಇಷ್ಟು. ಯಾಕೆ ಬ್ಲಾಕ್ ಆಗುತ್ತಿದೆ ಎಂದು ತಿಳಿಯಲು ಸಾಲಿಲ್ಲ. ಮುಪ್ಪಾದ ಜಿಐ ಲೈನಿನ ಒಂದು ಗಂಟು ಬಿಗಿದರೆ ಮುಂದಿನ ಗಂಟು ಬಾಯಿ ಬಿಡುವುದು ಆ ಲೋಹದ ಸ್ವಭಾವ. ಅದಕ್ಕೂ ಒಂದು ಸ್ಟಾರು ಬೀಳುವುದು ಬಿಗಿದವರಿಗೇ. ಸಾಮಾಜಿಕ ಭದ್ರತೆಯಲ್ಲೂ ಇವರು ನಡುವೆ ಸಿಕ್ಕಿಬಿದ್ದವರು. ಆ್ಯಪ್ ಮೂಲಕ ದುಡಿಯುವವರಿಗೆಂದು ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿತು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೆರವು ಬೇಕಾದರೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದಿರಬೇಕು. ದಿನಕ್ಕೆ ಮೂರು ಮನೆಯಂತೆ 90 ದಿನ ತಿರುಗಿದವರು 270 ಮನೆಗಳಲ್ಲಿ ಯಾರನ್ನು ಮಾಲೀಕರೆಂದು ತೋರಿಸಬೇಕು? 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ ವ್ಯಾಖ್ಯೆಯೊಳಗೆ ರಿಪೇರಿಯ ಕೆಲಸವೂ ಇತ್ತು. ಆದರೆ ಅದಕ್ಕೆ ಸಾಕ್ಷಿ ಹೇಳುವ ಗುತ್ತಿಗೆದಾರ ಇಲ್ಲ.

ತಿಳಿವಳಿಕೆಗೆ ಸಂಬಳ ಕೊಡುವ ಪದ್ಧತಿ ನಮಗೆ ಅಪರಿಚಿತವೇನಲ್ಲ. ಕೆರೆಯ ಊರುಗಳಲ್ಲಿ ನೀರುಗಂಟಿ ಇದ್ದರು. ಯಾವ ತೂಬು ಎಷ್ಟು ಹೊತ್ತು, ಯಾವ ಗದ್ದೆಗೆ ಮೊದಲು, ಏರಿ ಎಲ್ಲಿ ಒಸರುತ್ತಿದೆ ಎಂಬುದನ್ನು ಬಲ್ಲವರು. ಸುಗ್ಗಿಯಲ್ಲಿ ರೈತರೆಲ್ಲ ಕಣದಿಂದ ಅವರಿಗೆ ಧಾನ್ಯದ ಪಾಲು ಕೊಡುತ್ತಿದ್ದರು. ಆ ವರ್ಷ ಏರಿ ಒಡೆದು ಅವರು ಅದನ್ನು ಕಟ್ಟಿದರು ಎಂದಲ್ಲ. ಒಡೆಯದಂತೆ ನೋಡಿಕೊಂಡರು ಎಂದು. ಆ ವ್ಯವಸ್ಥೆಯನ್ನು ಹಾಡಿ ಹೊಗಳಬೇಕಿಲ್ಲ. ನೀರುಗಂಟಿ ಬಹಳ ಕಡೆ ದಲಿತರ ಪಾಲಿಗೆ ಬಿಟ್ಟ ಕೆಲಸವಾಗಿತ್ತು, ನೀರು ಹಂಚುವ ಕೈಗೆ ಭೂಮಿ ಇರುತ್ತಿದ್ದುದು ಕಡಿಮೆ. ಆದರೂ ಕೂಲಿಯ ಲೆಕ್ಕವೊಂದು ಸರಿಯಾಗಿತ್ತು. ಇಂದಿನ ಅಪಾರ್ಟ್‌ಮೆಂಟ್ ಸಂಘಗಳು ಲಿಫ್ಟಿಗೆ, ಜನರೇಟರಿಗೆ ವಾರ್ಷಿಕ ನಿರ್ವಹಣೆಯ ಕರಾರು ಮಾಡಿಕೊಳ್ಳುತ್ತವೆ. ಹತ್ತು ಬಿಡಿ ಮನೆಗಳಿರುವ ಒಂದು ಬೀದಿ ಸೇರಿ ಒಬ್ಬ ಪ್ಲಂಬರಿಗೆ ವರ್ಷಕ್ಕಿಷ್ಟು ಎಂದು ಕೊಟ್ಟು, ಆರು ತಿಂಗಳಿಗೊಮ್ಮೆ ವಾಲ್ವು ತಿರುಗಿಸಿ, ಬಾಲ್‌ಕಾಕ್ ನೋಡಿ, ಟ್ರ್ಯಾಪ್ ತೊಳೆದು ಹೋಗಿ ಎನ್ನಲು ಏನಡ್ಡಿ? ಏನೂ ಕೆಡದಿದ್ದರೆ ದುಡ್ಡು ದಂಡ ಎಂಬ ಭಯ. ಏನೂ ಕೆಡದಿರಲಿ ಎಂದೇ ಅಲ್ಲವೆ ಕೊಡುವುದು?

ನಕ್ಷೆಯ ವಿಷಯದಲ್ಲಿ ಕಾನೂನು ಅರ್ಧ ದಾರಿ ಬಂದಿದೆ. 2016ರ ರೇರಾ ಕಾಯ್ದೆಯಂತೆ ಬಿಲ್ಡರು ಸಂಬಂಧಪಟ್ಟ ದಾಖಲೆ, ನಕ್ಷೆಗಳನ್ನು ನಿವಾಸಿಗಳ ಸಂಘಕ್ಕೆ ಒಪ್ಪಿಸಬೇಕು. ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದ, ಕೆಲಸದ ಗುಣಮಟ್ಟದ ದೋಷ ಕಂಡರೆ ಸರಿಪಡಿಸಿ ಕೊಡಬೇಕು. ಪೈಪು ನಿಜವಾಗಿ ಹೋದ ದಾರಿಯ ಚಿತ್ರ ಬೇಕೇ ಬೇಕು ಎಂದು ಪಟ್ಟು ಹಿಡಿಯುವ ಸಂಘಗಳು ಕಡಿಮೆ. ಸ್ವಂತ ಮನೆ ಕಟ್ಟಿಸುವವರಿಗಂತೂ ಕಾನೂನಿನ ಗೊಡವೆಯೇ ಬೇಕಿಲ್ಲ. ಪೈಪು ಹಾಕಿ, ನೀರು ತುಂಬಿ ಒತ್ತಡ ಕೊಟ್ಟು ಪರೀಕ್ಷಿಸಿದ ಮೇಲೆ ಪ್ಲಾಸ್ಟರಿನವರು ಬರುವ ಮುಂಚೆ ಗೋಡೆ ಒಂದೆರಡು ದಿನ ತೆರೆದೇ ಇರುತ್ತದೆ. ಆಗ ಪ್ಲಂಬರ್ ಒಂದು ಟೇಪನ್ನು ನೆಲದಿಂದ ಒಮ್ಮೆ, ಮೂಲೆಯಿಂದ ಒಮ್ಮೆ ಹಿಡಿಯಬೇಕು; ಇನ್ನೊಬ್ಬರು ಟೇಪಿನ ಅಂಕಿ ಕಾಣುವಂತೆ ಪ್ರತಿ ಗೋಡೆಯ ಫೋಟೊ ತೆಗೆಯಬೇಕು. ಯಾವುದು ಬಿಸಿ, ಯಾವುದು ತಣ್ಣೀರು ಎಂದು ಸೀಮೆಸುಣ್ಣದಲ್ಲಿ ಬರೆದರೆ ಇನ್ನೂ ಒಳ್ಳೆಯದು. ಆ ಫೋಟೊಗಳನ್ನು ಮುದ್ರಿಸಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು ಮೀಟರ್ ಬೋರ್ಡಿನ ಬಾಗಿಲ ಒಳಮೈಗೆ ಅಂಟಿಸಬಹುದು. ಒಂದು ಬೆಳಗಿನ ಕೆಲಸ. ಪ್ಲಂಬರಿಗೆ ಅರ್ಧ ದಿನದ ಕೂಲಿ ಹೆಚ್ಚು ಬೀಳುತ್ತದೆ. ಇಪ್ಪತ್ತು ವರ್ಷದ ಮೇಲೆ ಆ ಬಾಗಿಲು ತೆರೆಯುವವರು ಬೇರೆ ಪ್ಲಂಬರ್ ಆಗಿರುತ್ತಾರೆ, ಬಹುಶಃ ಇನ್ನೂ ಹುಟ್ಟಿರದವರು. ಅವರು ಕವರಿನ ಧೂಳು ಒರೆಸಿ, ನೆಲದಿಂದ 42 ಇಂಚು, ಮೂಲೆಯಿಂದ 17 ಎಂದು ಓದಿ, ಒಂದೇ ಒಂದು ಟೈಲ್ಸಿನ ಮೇಲೆ ಪೆನ್ಸಿಲಿನಿಂದ ಗುರುತು ಹಾಕುತ್ತಾರೆ.